ಪಾವಾಗಢದ ಬಳ್ಳಿಯನ್ನು ಅದರ ಗುಡ್ಡಕ್ಕೇ ಬಿಡಿ

ಮಕ್ಕಳೇ,

ಮಳೆ ಹಿಡಿಯಿತೆಂದರೆ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಮೂರು ಹೆಸರು ಓಡಾಡುತ್ತವೆ. ವಡೋದರಾದವರಿಗೆ ಪಾವಾಗಢ, ಸೂರತ್‌ನವರಿಗೆ ಸಾಪುತಾರಾ, ಅಹಮದಾಬಾದಿನವರಿಗೆ ಪೋಲೋ ಕಾಡು. ಶನಿವಾರ ಹೊರಟು ಭಾನುವಾರ ರಾತ್ರಿ ಕೆಸರು ಮೆತ್ತಿಕೊಂಡು ಮನೆ ಸೇರುತ್ತೀರಿ. ಹೋಗಬೇಡಿ ಎಂದು ಹೇಳಲು ನಾನು ಈ ಕಾಗದ ಬರೆಯುತ್ತಿಲ್ಲ. ಹೋಗಲೇಬೇಕು. ಕಾಡನ್ನು ನೋಡದ ಮಕ್ಕಳು ಕಾಡಿನ ಪರವಾಗಿ ಒಂದು ದಿನವೂ ಬಾಯಿ ತೆರೆಯುವುದಿಲ್ಲ ಎಂಬುದನ್ನು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ಕಾಲದುದ್ದಕ್ಕೂ ಕಂಡಿದ್ದೇನೆ. ಆದರೆ ಹೋಗುವ ಮುಂಚೆ ನನ್ನದೊಂದು ಮಾತು ಕೇಳಿ. ಶಿರಸಿಯ ಕಡೆಯಿಂದ ಮದುವೆಯಾಗಿ ಈ ಗುಜರಾತಿಗೆ ಬಂದು, ಇಲ್ಲಿಯೇ ಕೂದಲು ಬೆಳ್ಳಗಾದವಳು ನಾನು. ನಿಮ್ಮಲ್ಲಿ ಹಲವರನ್ನು ಗಣಪತಿ ಹಬ್ಬದ ಪೆಂಡಾಲಿನಲ್ಲಿ ಅಮ್ಮನ ಸೊಂಟದ ಮೇಲೆ ಕುಳಿತಿದ್ದಾಗಿನಿಂದ ನೋಡಿದ್ದೇನೆ. ಆ ಸಲಿಗೆಯಿಂದ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಕೆಲವರು ಇಲ್ಲೇ ಹುಟ್ಟಿದವರು, ಗುಜರಾತಿಯಲ್ಲೇ ಕನಸು ಕಾಣುವವರು. ಕೆಲವರು 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡದೊಳಗೆ ಸೇರಿದ ಮೇಲೆ ಅಪ್ಪನದೋ ಅಮ್ಮನದೋ ವರ್ಗಾವಣೆಯ ಬೆನ್ನಿಗೆ ಬಂದವರು. ಇನ್ನು ಕೆಲವರು ಸೂರತ್‌ನ ಎನ್‌ಐಟಿಗೋ ಅಹಮದಾಬಾದಿನ ಇಸ್ರೊ ಕೇಂದ್ರಕ್ಕೋ ಒಬ್ಬೊಬ್ಬರೇ ಬಂದವರು. "ಕಾಡು ಅಂದರೆ ನಮ್ಮ ಮಲೆನಾಡು ಆಂಟಿ, ಇಲ್ಲೇನಿದೆ, ಬರೀ ಜಾಲಿ, ಬರೀ ಫ್ಯಾಕ್ಟರಿ" ಎನ್ನುತ್ತೀರಿ. ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ವಡೋದರಾದಿಂದ ಒಂದು ಗಂಟೆಯ ದಾರಿಯಲ್ಲಿರುವ ಪಾವಾಗಢ ಗುಡ್ಡದಲ್ಲಿ, ಪ್ರಪಂಚದಲ್ಲಿ ಕೈಬೆರಳೆಣಿಕೆಯಷ್ಟು ಕಡೆ ಮಾತ್ರ ಉಳಿದಿರುವ ಒಂದು ಬಳ್ಳಿ ಬದುಕಿದೆ. ಅದರ ಪಕ್ಕದಲ್ಲೇ ನೀವು ಚಿಪ್ಸ್ ತಿನ್ನುತ್ತ ಕುಳಿತಿರುತ್ತೀರಿ.

ಆ ಬಳ್ಳಿಯ ಹೆಸರು ಸಿರೋಪಿಜಿಯಾ ಒಡೊರಾಟಾ. ಮುಂಬಯಿ ಸುತ್ತಿನ ಸಸ್ಯಗಳ ಪಟ್ಟಿಯನ್ನು 1839ರಲ್ಲಿ, ಅದನ್ನು ಶುರುಮಾಡಿದ್ದ ಜಾನ್ ಗ್ರಹಾಂ ತೀರಿಕೊಂಡ ಬಳಿಕ, ಮುಗಿಸಿಕೊಟ್ಟ ಜೋಸೆಫ್ ನಿಮ್ಮೊ ಎಂಬವರ ಹೆಸರು ಈ ಬಳ್ಳಿಯ ಹೆಸರಿನೊಂದಿಗೆ ಸೇರಿಕೊಂಡಿದೆ. ಈ ಕುಲದ ಬಳ್ಳಿಗಳಿಗೆ ಮರಾಠಿಯವರು ಕಂದೀಲಪುಷ್ಪ ಎನ್ನುತ್ತಾರೆ. ಹೂವನ್ನು ಒಮ್ಮೆ ನೋಡಿದರೆ ಯಾಕೆಂದು ತಿಳಿಯುತ್ತದೆ: ಬುಡ ಉಬ್ಬಿದೆ, ನಡುವೆ ಸಣ್ಣ ಕೊಳವೆ, ಮೇಲೆ ಐದು ಎಸಳುಗಳು ತುದಿಯಲ್ಲಿ ಒಂದನ್ನೊಂದು ಹಿಡಿದುಕೊಂಡು ಪಂಜರ ಕಟ್ಟಿವೆ, ಪೊದೆಗೆ ಯಾರೋ ಪುಟ್ಟ ಲಾಂದ್ರ ತೂಗುಹಾಕಿದ ಹಾಗೆ. ಪಾವಾಗಢದ್ದು ಹಳದಿ ಹೂವಿನದು. ಕುಲದ ಹೆಚ್ಚಿನ ಹೂಗಳಲ್ಲಿ ನಮ್ಮ ಮೂಗಿಗೆ ಹಿತವಾದ ಪರಿಮಳವಿಲ್ಲ. ಇದರಲ್ಲಿದೆ.

ಹೂವಿನ ಒಳಗೆ ನಡೆಯುವುದನ್ನು ಪಾಠದಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು. ವಾಸನೆ ಹಿಡಿದು ಬಂದ ಸಣ್ಣ ನೊಣ ಪಂಜರದ ಕಿಂಡಿಯಿಂದ ಒಳಗಿಳಿಯುತ್ತದೆ. ಕೊಳವೆಯ ಒಳಮೈ ಜಾರುತ್ತದೆ, ಅಲ್ಲಿನ ಕೂದಲುಗಳೆಲ್ಲ ಕೆಳಮುಖ. ಇಳಿಯುವುದು ಸುಲಭ, ಹತ್ತಿ ಬರುವ ಹಾಗಿಲ್ಲ. ಬುಡದ ಉಬ್ಬಿನಲ್ಲಿ ಸೆರೆಯಾಗಿ ಓಡಾಡುವ ನೊಣದ ಸೊಂಡಿಲಿಗೆ ಹೂವಿನ ಪರಾಗದ ಗಂಟು ಕ್ಲಿಪ್ಪಿನಂತೆ ಕಚ್ಚಿಕೊಳ್ಳುತ್ತದೆ. ಕೆಲಸ ಆದ ಮೇಲೆ ಕೂದಲುಗಳು ಬಾಡುತ್ತವೆ, ದಾರಿ ತೆರೆಯುತ್ತದೆ, ನೊಣಕ್ಕೆ ಬಿಡುಗಡೆ. ಅದು ಆ ಗಂಟನ್ನು ಹೊತ್ತುಕೊಂಡು ಇನ್ನೊಂದು ಬಳ್ಳಿಯ ಇನ್ನೊಂದು ಹೂವಿಗೆ ಹೋಗಿ ಸಿಕ್ಕಿಬಿದ್ದರೆ ಮಾತ್ರ ಕಾಯಿ ಕಟ್ಟುತ್ತದೆ.

'ಇನ್ನೊಂದು ಬಳ್ಳಿ' ಎಂದೆನಲ್ಲ, ಅದನ್ನು ಮರೆಯಬೇಡಿ. ಆ ಇನ್ನೊಂದು ಬಳ್ಳಿ ಸಣ್ಣ ನೊಣವೊಂದು ಹಾರಿ ತಲುಪುವಷ್ಟು ಹತ್ತಿರದಲ್ಲಿರಬೇಕು. ಒಂದು ಓರೆಯಲ್ಲಿ ಹತ್ತಿದ್ದ ಬಳ್ಳಿ ಎರಡಕ್ಕಿಳಿದರೆ, ಆ ಎರಡೂ ಹಸಿರಾಗಿ ಕಂಡರೂ, ಹೂಬಿಟ್ಟರೂ, ಬೀಜ ಕಟ್ಟುವ ಭಾಗ್ಯ ಅವಕ್ಕೆ ಇರಲಾರದು. ಈಗಲೇ ಇದರ ಕುಲದಲ್ಲಿ ಹೂಗಳ ಸಂಖ್ಯೆಗೆ ಹೋಲಿಸಿದರೆ ಕಾಯಿ ತೀರಾ ಕಡಿಮೆ. ಕಟ್ಟಿದರೆ ಒಂದು ಹೂವಿಗೆ ಎರಡು ತೆಳುವಾದ ಕೋಡುಗಳು. ಅವು ಒಣಗಿ ಬಿರಿದಾಗ ರೇಷ್ಮೆಯಂಥ ಕುಚ್ಚು ಹೊತ್ತ ಬೀಜಗಳು ಗಾಳಿಗೆ ತೇಲುತ್ತವೆ. ಮಣ್ಣಿನ ಮೇಲೆ ಬಿದ್ದದ್ದಕ್ಕೆ ಬದುಕುಂಟು. ಕಾಂಕ್ರೀಟಿನ ಮೆಟ್ಟಿಲ ಮೇಲೆ ಬಿದ್ದದ್ದನ್ನು ಪೊರಕೆ ಗುಡಿಸುತ್ತದೆ.

ನೆಲದ ಕೆಳಗೆ ಇದಕ್ಕೊಂದು ಗೆಡ್ಡೆಯಿದೆ. ಈ ಬಳ್ಳಿಯ ಬದುಕೆಲ್ಲ ಅದರಲ್ಲಿದೆ. ಮೊದಲ ಮಳೆಗೆ ಚಿಗುರಿ, ಪಕ್ಕದ ಪೊದೆಯನ್ನು ಸುತ್ತಿ ಹತ್ತಿ, ಶ್ರಾವಣ ಭಾದ್ರಪದದಲ್ಲಿ ಹೂಬಿಟ್ಟು, ಚಳಿ ಬರುವ ಹೊತ್ತಿಗೆ ಒಣಗಿ ಹೋಗುತ್ತದೆ. ಆಮೇಲೆ ಮುಂದಿನ ಮಳೆಯವರೆಗೆ ನೆಲದ ಮೇಲೆ ಅದರ ಸುಳಿವೇ ಇಲ್ಲ. ವರ್ಷದ ಹೆಚ್ಚಿನ ಭಾಗ ಅದು ಕಣ್ಣಿಗೆ ಕಾಣದ ಗಿಡ. ಜನವರಿಯಲ್ಲಿ ಒಬ್ಬ ಎಂಜಿನಿಯರು ಟೇಪು ಹಿಡಿದು ಆ ಓರೆಗೆ ಬಂದರೆ ಅವನಿಗೆ ಕಾಣುವುದು ಒಣ ಹುಲ್ಲು, ಕಲ್ಲು, ಮುಳ್ಳು. "ಇಲ್ಲೇನೂ ಇಲ್ಲ" ಎಂದು ಬರೆದುಕೊಳ್ಳುತ್ತಾನೆ. ಅವನದು ಸುಳ್ಳಲ್ಲ, ಅವನು ಬಂದ ತಿಂಗಳಿನ ತೊಂದರೆ. ನಮ್ಮ ದೇಶದಲ್ಲಿ ಎಷ್ಟೋ ಗೆಡ್ಡೆಬಳ್ಳಿಗಳು ಹೀಗೆ, ನಿದ್ದೆಯಲ್ಲಿದ್ದಾಗಲೇ, ರಸ್ತೆಯಡಿಗೆ ಪಾರ್ಕಿಂಗ್ ಅಡಿಗೆ ಹೋಗಿವೆ. ಮಳೆಗಾಲದಲ್ಲಿ ನೋಡದೆ ಯಾವ ಜಾಗವನ್ನೂ ಬರಡು ಎನ್ನಬೇಡಿ. ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ಬ್ಯಾಂಕಿನಲ್ಲಿ ಕುಳಿತು ಕಟ್ಟಡದ ಸಾಲಕ್ಕೆ ಸಹಿ ಹಾಕುತ್ತೀರಿ. ಈ ಒಂದು ವಿಷಯ ಆಗ ನೆನಪಿರಲಿ.

ಅಪಾಯದ ಪಟ್ಟಿಗಳ ವಿಚಾರಕ್ಕೆ ಬರುತ್ತೇನೆ, ಪರೀಕ್ಷೆಗೆ ಓದುವಾಗ ನೀವೆಲ್ಲ ಬಾಯಿಪಾಠ ಮಾಡಿದ್ದೀರಿ. ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1964ರಿಂದ ಕೆಂಪು ಪಟ್ಟಿ ಇಟ್ಟಿದೆ. ಒಂದು ಜೀವಿಯಲ್ಲಿ ಬೆಳೆದು ನಿಂತವು 50ಕ್ಕಿಂತ ಕಡಿಮೆ ಉಳಿದರೆ, ಅಥವಾ ಅದು ನಿಜವಾಗಿ ನೆಲೆಸಿರುವ ಜಾಗ 10 ಚದರ ಕಿಲೋಮೀಟರಿಗಿಂತ ಕಡಿಮೆಯಾಗಿ ಅದೂ ಹರಿದು ಹಂಚಿಹೋಗಿ ಕುಗ್ಗುತ್ತಿದ್ದರೆ, ಅದು ಅತ್ಯಂತ ಅಪಾಯದ ವರ್ಗಕ್ಕೆ ಸೇರುತ್ತದೆ. 250ಕ್ಕಿಂತ ಕಡಿಮೆಯಿದ್ದರೆ ಅದರ ಕೆಳಗಿನ ವರ್ಗ. ನಮ್ಮ ದೇಶದ ಸಸ್ಯ ಸರ್ವೇಕ್ಷಣ ಇಲಾಖೆ 1987ರಿಂದ 1990ರ ನಡುವೆ ಮೂರು ಸಂಪುಟಗಳ ಕೆಂಪು ಪುಸ್ತಕ ತಂದಿತು. ಅದರಲ್ಲಿ ಈ ಸಿರೋಪಿಜಿಯಾ ಕುಲದ ಹಲವು ಬಳ್ಳಿಗಳಿವೆ. ಅದಕ್ಕೂ ಮೊದಲೇ, 1984ರಲ್ಲಿ, ಅನ್ಸಾರಿ ಎಂಬ ಸಸ್ಯಶಾಸ್ತ್ರಜ್ಞರು ಭಾರತದ ಸಿರೋಪಿಜಿಯಾಗಳ ಮೇಲೇ ಒಂದು ಪುಸ್ತಕ ಬರೆದಿದ್ದರು. ಕಾಡಿನಿಂದ ಕಿತ್ತು ಹೊರದೇಶಕ್ಕೆ ಕಳಿಸಬಾರದೆಂದು ಕೇಂದ್ರ ಸರ್ಕಾರ 1998ರಲ್ಲಿ ಹೆಸರಿಸಿದ 29 ಸಸ್ಯ ಮತ್ತು ಸಸ್ಯಗುಂಪುಗಳಲ್ಲಿ ಈ ಇಡೀ ಕುಲ ಸೇರಿದೆ.

ಇಷ್ಟು ಕಾವಲು ಇದ್ದೂ ಬಳ್ಳಿ ಯಾಕೆ ಕಡಿಮೆಯಾಗುತ್ತಿದೆ? ಪಟ್ಟಿ ಬಂದರನ್ನು ಕಾಯುತ್ತದೆ, ವಿಮಾನ ನಿಲ್ದಾಣವನ್ನು ಕಾಯುತ್ತದೆ. ಗುಡ್ಡದ ಓರೆಯಲ್ಲಿ ಅದಕ್ಕೆ ಕೆಲಸವಿಲ್ಲ. ಬಳ್ಳಿಯ ಪರಿಸ್ಥಿತಿ ಏನು ಎಂದು ಕೇಳಿದರೆ ನಾನು ವರ್ಗದ ಹೆಸರು ಹೇಳುವುದಿಲ್ಲ. ಅದು ಹತ್ತುವ ಪೊದೆಯ ಪರಿಸ್ಥಿತಿ ಏನು ಎಂದು ಮರುಪ್ರಶ್ನೆ ಹಾಕುತ್ತೇನೆ. ಬಳ್ಳಿಗೆ ತನ್ನ ಕಾಲ ಮೇಲೆ ನಿಲ್ಲುವ ಶಕ್ತಿಯಿಲ್ಲ. ಅದರ ಪೊದೆ, ಪೊದೆಯ ಬುಡದ ನೆರಳು, ನೆರಳಿನ ತೇವ, ತೇವದಲ್ಲಿ ಹುಟ್ಟುವ ನೊಣ, ಎಲ್ಲ ಒಟ್ಟಿಗೆ ಇದ್ದರೆ ಬಳ್ಳಿ. ಗೆಡ್ಡೆಯೊಂದನ್ನೇ ಕಿತ್ತು ತಂದು ಕುಂಡದಲ್ಲಿಟ್ಟು ಉಳಿಸಿದೆ ಎನ್ನುವವರ ಮಾತು ನನಗೆ ಹಿಡಿಸುವುದಿಲ್ಲ. ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿಯಿಂದ ಸಿರೋಪಿಜಿಯಾಗಳನ್ನು ಬೆಳೆಸುವ ವಿಧಾನಗಳು ಬಂದಿವೆ. ಅವು ಬೇಕು, ಅದಕ್ಕೆ ದುಡಿದವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಬೆಳೆಸಿದ ಸಸಿಯನ್ನು ಒಂದು ದಿನ ಎಲ್ಲಿಗೆ ಹಿಂತಿರುಗಿಸುತ್ತೀರಿ? ಆ ಜಾಗ ಉಳಿದಿರಬೇಕಲ್ಲ.

ಪಾವಾಗಢ ಎಂಥ ಜಾಗ ಎಂಬುದನ್ನು ಕೊಂಚ ನಿಧಾನವಾಗಿ ನೋಡಿ. ಸಮತಟ್ಟು ಬಯಲಿನ ನಡುವೆ ಒಂಟಿಯಾಗಿ ಸುಮಾರು 800 ಮೀಟರ್ ಎತ್ತರಕ್ಕೆ ಎದ್ದಿರುವ, ಜ್ವಾಲಾಮುಖಿಯ ಲಾವಾದಿಂದಾದ ಗುಡ್ಡ. ಕೆಳಗೆ ಕಪ್ಪು ಬಸಾಲ್ಟ್ ಪದರಗಳು, ನೆತ್ತಿಯಲ್ಲಿ ಬೇರೆ ಬಗೆಯ ಗಟ್ಟಿ ಬಂಡೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದಾದ ಓರೆಗಳು, ನಡುನಡುವೆ ಒಂದಿಷ್ಟು ಮಣ್ಣು ನಿಂತ ಸಂದುಗಳು. ಸುತ್ತಲ ಬಯಲೆಲ್ಲ ಹೊಲವಾಗಿ, ಹಾಲೋಲ್ ಕಡೆ ಕಾರ್ಖಾನೆಗಳಾಗಿ ಹೋದರೂ ಈ ಸಂದುಗಳಿಗೆ ನೇಗಿಲು ಹತ್ತಲಿಲ್ಲ. ಅದಕ್ಕೇ ಅಲ್ಲಿ ಹಳೆಯ ಗಿಡಗಳು ಉಳಿದವು. 1484ರಲ್ಲಿ ಮಹಮೂದ್ ಬೇಗಡಾ ಈ ಕೋಟೆ ಗೆದ್ದು ಕೆಳಗಿನ ಚಾಂಪಾನೇರವನ್ನು ರಾಜಧಾನಿ ಮಾಡಿಕೊಂಡ. 1535ರಲ್ಲಿ ಹುಮಾಯೂನ್ ಬಂದ. ಆಮೇಲೆ ಪಟ್ಟಣ ಪಾಳುಬಿದ್ದು ಕಾಡು ಅದರ ಮೇಲೆ ಬೆಳೆಯಿತು. 2004ರಲ್ಲಿ ಯುನೆಸ್ಕೊ ಚಾಂಪಾನೇರ್-ಪಾವಾಗಢವನ್ನು ವಿಶ್ವಪರಂಪರೆಯ ತಾಣವೆಂದು ಒಪ್ಪಿತು. ಮಸೀದಿ, ಕೋಟೆ, ಕೊಳ, ಕಾಳಿಕಾ ಮಾತೆಯ ಗುಡಿ ಎಲ್ಲಕ್ಕೂ ಫಲಕಗಳಿವೆ. ಬಳ್ಳಿಗೆ ಫಲಕವಿಲ್ಲ. ಇರಬೇಕೆಂದು ನಾನು ಕೇಳುವುದೂ ಇಲ್ಲ, ಫಲಕ ಹಾಕಿದರೆ ಮಾರನೆಯ ದಿನ ಗುದ್ದಲಿ ಬರುತ್ತದೆ.

ವಡೋದರಾದ ಮಕ್ಕಳಿಗೆ ಇನ್ನೊಂದು ಮಾತು. ನಿಮ್ಮ ಊರಿನ ನಡುವೆ ಮೊಸಳೆಗಳನ್ನು ಇಟ್ಟುಕೊಂಡು ಹರಿಯುವ ವಿಶ್ವಾಮಿತ್ರಿ ಹುಟ್ಟುವುದು ಈ ಗುಡ್ಡದಲ್ಲೇ. 2024ರ ಆಗಸ್ಟಿನಲ್ಲಿ ಆ ನದಿ ಮನೆಗಳೊಳಗೆ ಬಂದದ್ದನ್ನು ನೀವು ಮರೆತಿರಲಾರಿರಿ. ನೆರೆಗೆ ನಗರದೊಳಗಿನ ಕಾರಣಗಳೇ ಬಹಳ, ಅದನ್ನು ಬಳ್ಳಿಯ ಲೆಕ್ಕಕ್ಕೆ ನಾನು ಹಾಕುವುದಿಲ್ಲ. ಆದರೂ ಓರೆಯ ಹುಲ್ಲು, ಪೊದೆ, ಗೆಡ್ಡೆಬೇರುಗಳು ಮಳೆನೀರನ್ನು ತಡೆದು ನಿಧಾನವಾಗಿ ಬಿಡುತ್ತವೆ, ಬೋಳು ಓರೆ ತಡೆಯುವುದಿಲ್ಲ. ಆ ಬಳ್ಳಿಯ ನೆಲೆ ಮತ್ತು ನಿಮ್ಮ ಮನೆಯಂಗಳ ಒಂದೇ ನದಿಯ ಎರಡು ತುದಿ.

ಪಾವಾಗಢಕ್ಕೆ ಹೋಗುವ ಭಕ್ತರ ಮೇಲೆ ನನಗೆ ಯಾವ ದೂರೂ ಇಲ್ಲ. ನವರಾತ್ರಿಯಲ್ಲಿ ನಾನೂ ಅಲ್ಲಿ ಕೈಮುಗಿದಿದ್ದೇನೆ. ತಾಯಿಯ ದರ್ಶನಕ್ಕೆ ಮೆಟ್ಟಿಲಿದೆ, ರೋಪ್‌ವೇ ಇದೆ. ಹಾನಿಯಾಗುವುದು ಮೆಟ್ಟಿಲು ಬಿಟ್ಟು ಅಡ್ಡದಾರಿ ಹಿಡಿದಾಗ, ಸೆಲ್ಫಿಗೆಂದು ಓರೆಗೆ ಇಳಿದಾಗ, ಪ್ಲಾಸ್ಟಿಕ್ ಬಾಟಲಿ ಸಂದಿನಲ್ಲಿ ತುರುಕಿದಾಗ, ಬೇಸಿಗೆಯಲ್ಲಿ ಎಸೆದ ಬೀಡಿಯಿಂದ ಹುಲ್ಲು ಹೊತ್ತಿದಾಗ. ಒಂದು ಬೂಟಿನ ಅಡಿಗೆ ಸಿಕ್ಕ ಎಳೆ ಬಳ್ಳಿ ಆ ವರ್ಷ ಮತ್ತೆ ಏಳದೇ ಹೋಗಬಹುದು. ಗೆಡ್ಡೆ ಮುಂದಿನ ವರ್ಷಕ್ಕೆಂದು ಕೂಡಿಡಬೇಕಾದ ಆಹಾರ ಆ ಎಲೆಗಳಿಂದಲೇ ಬರಬೇಕು.

ಈಗ ನಿಮಗೆ ಹಿಡಿಸದ ಒಂದು ವಿಷಯ ಹೇಳುತ್ತೇನೆ. ಜೂನ್ ಐದರ ಪರಿಸರ ದಿನ ಬಂದರೆ ಕಾಲೇಜುಗಳು, ಕಂಪನಿಗಳು ಬಸ್ಸು ಮಾಡಿಕೊಂಡು ಗುಡ್ಡಗಳಿಗೆ ಗಿಡ ನೆಡಲು ಹೋಗುತ್ತವೆ. ನಿಮ್ಮ ಉತ್ಸಾಹ ಕಂಡು ಸಂತೋಷವಾಗುತ್ತದೆ, ನೀವು ಅಗೆಯುವ ಗುಂಡಿ ಕಂಡು ಎದೆ ಝಲ್ಲೆನ್ನುತ್ತದೆ. ಕಲ್ಲು ಹುಲ್ಲಿನ ಬಯಲು ಓರೆ ಎಂದರೆ ಮರವಿಲ್ಲದ ಬರಡು ನೆಲವಲ್ಲ. ಅದು ಹಾಗೆಯೇ ಇರಬೇಕಾದ ಕಾಡು. ಗೆಡ್ಡೆಬಳ್ಳಿಗಳಿಗೆ, ನೆಲದ ಆರ್ಕಿಡ್‌ಗಳಿಗೆ ಬೇಕಾದದ್ದು ಅಂಥ ಬಿಸಿಲು-ನೆರಳಿನ ಜಾಗವೇ. ಅಲ್ಲಿ ಸಾಲುಸಾಲಾಗಿ ಗುಂಡಿ ತೋಡಿದರೆ ಮಲಗಿರುವ ಗೆಡ್ಡೆ ಮೇಲಕ್ಕೆ ಬರುತ್ತದೆ. ನೆಟ್ಟ ಮರ ದೊಡ್ಡದಾಗಿ ನೆರಳು ಮುಚ್ಚಿದರೆ ಉಳಿದದ್ದೂ ಹೋಗುತ್ತದೆ. ಗಿಡ ನೆಡಲು ನಿಮಗೆ ನಗರದ ತುಂಬ ಜಾಗವಿದೆ, ಶಾಲೆಯ ಅಂಗಳವಿದೆ, ರಸ್ತೆಬದಿಯಿದೆ. ಗುಡ್ಡಕ್ಕೆ ಹೋಗಿ ದುಡಿಯಲೇಬೇಕು ಎನಿಸಿದರೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಲಂಟಾನ ಕೀಳಿ, ಗಾಂಡೋ ಬಾವಳದ ಸಸಿಗಳನ್ನು ಕೀಳಿ. ಗಾಂಡೋ ಬಾವಳ ಎಂದರೆ ನಮ್ಮ ಬಳ್ಳಾರಿ ಜಾಲಿ. ಈ ಎರಡೂ ಹೊರಗಿನಿಂದ ಬಂದು ಓರೆಗಳನ್ನು ನುಂಗುತ್ತಿವೆ. ಅದು ಬೆವರು ಸುರಿಸುವ ಕೆಲಸ, ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಆದರೂ ಮಾಡಿ.

ಗೆಡ್ಡೆ ಅಗೆಯುವವರ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕು. ಸಿರೋಪಿಜಿಯಾದ ಗೆಡ್ಡೆಗಳನ್ನು ತಿನ್ನಬಹುದು. ಕಾಡುಹಂದಿ, ಮುಳ್ಳುಹಂದಿ ತಿನ್ನುತ್ತವೆ, ದನ ಕಾಯುವ ಮಕ್ಕಳೂ ತಿಂದಿದ್ದಾರೆ. ಪಂಚಮಹಲಿನ ರಾಠವಾ, ನಾಯಕ, ಭಿಲ್ಲ ಮನೆಗಳ ಮಗು ಹಸಿವಿಗೆ ಒಂದು ಗೆಡ್ಡೆ ಅಗೆದು ತಿಂದರೆ ಅದನ್ನು ಕಳ್ಳತನ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಆ ಜನ ಅಲ್ಲಿ ತಲೆಮಾರುಗಳಿಂದ ಇದ್ದೂ ಬಳ್ಳಿ ಉಳಿದಿತ್ತು. ಪೇಟೆಗೆ ಮೂಟೆ ಕಟ್ಟುವವರಿಂದ, ಅಪರೂಪದ ಗಿಡ ಎಂಬ ಒಂದೇ ಕಾರಣಕ್ಕೆ ಅದನ್ನು ತನ್ನ ಬಾಲ್ಕನಿಯಲ್ಲಿ ಇಟ್ಟುಕೊಳ್ಳಬೇಕೆನ್ನುವ ಸಂಗ್ರಹಕಾರರಿಂದ ನನಗೆ ಭಯ. ಗಿಡ ಕಡಿಮೆಯಾದಷ್ಟೂ ಅವರ ಕಣ್ಣಲ್ಲಿ ಅದರ ಬೆಲೆ ಏರುತ್ತದೆ. ನಿಮಗೆ ಈ ಕುಲದ ಬಳ್ಳಿ ಮನೆಯಲ್ಲಿ ಬೇಕೇ ಬೇಕೆಂದರೆ ನರ್ಸರಿಯಲ್ಲಿ ಸ್ಟ್ರಿಂಗ್ ಆಫ್ ಹಾರ್ಟ್ಸ್ ಎಂದು ಕೇಳಿ. ಹೃದಯದಾಕಾರದ ಎಲೆಗಳ ಅದೂ ಒಂದು ಸಿರೋಪಿಜಿಯಾ, ದಕ್ಷಿಣ ಆಫ್ರಿಕಾದ ಕಡೆಯದು, ತುಂಡು ನೆಟ್ಟರೆ ಬೆಳೆಯುತ್ತದೆ. ಅದರ ಹೂವೂ ಪುಟ್ಟ ಕಂದೀಲೇ. ಕಾಡಿನದನ್ನು ಮುಟ್ಟಬೇಡಿ.

ಸೂರತ್‌ನ ಮಕ್ಕಳು ಸಾಪುತಾರಾಕ್ಕೆ ಹೋಗುವ ದಾರಿಯಲ್ಲಿ ಡಾಂಗ್ ಕಾಡು ದಾಟುತ್ತೀರಿ. ತೇಗ, ಬಿದಿರು, ಪೂರ್ಣಾ, ಅಂಬಿಕಾ ನದಿಗಳ ಆ ಕಾಡನ್ನು 1842ರ ಸುಮಾರಿಗೆ ಬ್ರಿಟಿಷರು ಭಿಲ್ಲ ರಾಜರಿಂದ ತೇಗಕ್ಕಾಗಿ ಗುತ್ತಿಗೆ ಹಿಡಿದರು. ಆ ರಾಜಮನೆತನಗಳಿಗೆ ಗೌರವಧನ ಕೊಡುವ ಡಾಂಗ್ ದರ್ಬಾರು ಇಂದಿಗೂ ಆಹ್ವಾದಲ್ಲಿ ಪ್ರತಿವರ್ಷ ನಡೆಯುತ್ತದೆ. ಮಳೆಗಾಲದಲ್ಲಿ ರಸ್ತೆಬದಿಯ ಬೇಲಿಯ ಮೇಲೆ ಕೆಂಪು ಹಳದಿ ಬೆಂಕಿಯ ನಾಲಗೆಯಂಥ ಹೂ ಕಂಡರೆ ನಿಲ್ಲಿ. ಅದು ಅಗ್ನಿಶಿಖೆ, ನಮ್ಮ ಮಲೆನಾಡಿನಲ್ಲಿ ಗೌರಿ ಹಬ್ಬಕ್ಕೆ ತರುವ ಗೌರಿ ಹೂವು. ಎಲೆಯ ತುದಿಯೇ ಸುರುಳಿಯಾಗಿ ಪೊದೆಯನ್ನು ಹಿಡಿಯುತ್ತದೆ. ಇದು ಆಫ್ರಿಕಾದಿಂದ ಏಷ್ಯಾದವರೆಗೆ ಹರಡಿದೆ, ಜಾಗತಿಕ ಪಟ್ಟಿಯಲ್ಲಿ ಅಪಾಯದ ವರ್ಗದಲ್ಲಿಲ್ಲ, ಜಿಂಬಾಬ್ವೆಯ ರಾಷ್ಟ್ರೀಯ ಹೂ, ತಮಿಳುನಾಡಿನ ರಾಜ್ಯದ ಹೂ. ಹಾಗೆಂದು ಧೈರ್ಯವಾಗಿ ಇರಬಹುದೇ? ಇದರಲ್ಲಿ ಕಾಲ್ಚಿಸಿನ್ ಎಂಬ ವಸ್ತುವಿದೆ. ಗೌಟ್ ಎಂಬ ಕೀಲುರೋಗಕ್ಕೆ ಅದೇ ಔಷಧಿ, ಗೆಡ್ಡೆ ಬಾಯಿಗೆ ಹೋದರೆ ಅದೇ ಪ್ರಾಣ ತೆಗೆಯುವ ವಿಷ. ತಮಿಳುನಾಡಿನಲ್ಲಿ ಬೀಜಕ್ಕಾಗಿ ಇದನ್ನು ಹೊಲದಲ್ಲಿ ಬೆಳೆಯುತ್ತಾರೆ, ಆದರೆ ನೆಡಲು ಬೇಕಾದ ಗೆಡ್ಡೆಗಳಿಗೆ ಕಾಡನ್ನು ಅಗೆದದ್ದುಂಟು. ಇಡೀ ಪ್ರಪಂಚದಲ್ಲಿ ಕ್ಷೇಮವಾಗಿರುವ ಬಳ್ಳಿ ಒಂದು ತಾಲೂಕಿನಿಂದ ಪೂರ್ತಿ ಮಾಯವಾಗಬಹುದು. ಆ ತಾಲೂಕಿನ ನೊಣಕ್ಕೆ, ಚಿಟ್ಟೆಗೆ, ಗೌರಿ ಪೂಜೆಗೆ ಪ್ರಪಂಚದ ಲೆಕ್ಕ ಯಾವ ಉಪಯೋಗಕ್ಕೂ ಬಾರದು.

ಅಹಮದಾಬಾದಿನವರೇ, ನಿಮಗೆ ಪೋಲೋ ದೂರವಾದರೆ ಊರಾಚೆಯ ಹಳ್ಳಿಗಳ ಬೇಲಿ ನೋಡಿ. ಕಳ್ಳಿ, ಮುಳ್ಳು, ಬಳ್ಳಿ ಹೆಣೆದುಕೊಂಡ ಹಳೆಯ ಜೀವಂತ ಬೇಲಿಗಳಲ್ಲಿ ಅಮೃತಬಳ್ಳಿ, ಮಧುನಾಶಿನಿ, ತೊಂಡೆ, ಒಮ್ಮೊಮ್ಮೆ ಸಿರೋಪಿಜಿಯಾದ ಇನ್ನೊಂದು ಜಾತಿಯೂ ಸಿಗುತ್ತದೆ. ಬೇಲಿ ಹೋಗಿ ತಂತಿ ಬಂದ ಕಡೆ ಇವು ಯಾವುದೂ ಇಲ್ಲ. ಸರ್ಖೇಜ್ ದಾಟಿದ ಮೇಲೆ ಹೊಲಗಳು ಸೊಸೈಟಿಗಳಾಗುತ್ತಿರುವ ವೇಗವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ನಮ್ಮ ಕಡೆ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. ಉತ್ತರ ಕನ್ನಡದಿಂದಲೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೆಜ್‌ವಿಕ್ ಎಂಬ ಅಧಿಕಾರಿ ಸಿರೋಪಿಜಿಯಾ ಫ್ಯಾಂಟಾಸ್ಟಿಕಾ ಎಂಬ ಬಳ್ಳಿಯನ್ನು ವರ್ಣಿಸಿದರು. ಅದೂ ಈಗ ತೀರಾ ಅಪರೂಪ. ಘಟ್ಟದ ನಿತ್ಯಹಸಿರು ಕಾಡಿನ ಮರದರಿಶಿನದ ಕತೆಯೂ ಇದೇ. ತೋಳುಗಾತ್ರದ ಆ ಬಳ್ಳಿಯನ್ನು ಹಳದಿ ಕಾಂಡಕ್ಕಾಗಿ ಕಡಿದರು. ಅದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಎರಡರಲ್ಲಿ ಒಂದನ್ನು ಕಡಿದರೂ ಆ ಕಾಡಿನಲ್ಲಿ ಅದರ ಬೀಜ ನಿಂತಂತೆಯೇ. ಅಲ್ಲಿಯದಕ್ಕೆ ಕಣ್ಣೀರು ಹಾಕಿ ಇಲ್ಲಿಯದನ್ನು ತುಳಿಯುವುದು ನ್ಯಾಯವಲ್ಲ.

ಒಬ್ಬರ ಬಗ್ಗೆ ನಿಮಗೆ ಹೇಳಲೇಬೇಕು, ಕನ್ನಡದವರಿಗೆ ಅವರು ಗೊತ್ತಿಲ್ಲ. ಜಯಕೃಷ್ಣ ಇಂದ್ರಜಿ ಠಾಕರ್. ಕಚ್ಛದ ಲಖ್‌ಪತ್‌ನಲ್ಲಿ 1849ರಲ್ಲಿ ಹುಟ್ಟಿದವರು. ಯಾವ ವಿಶ್ವವಿದ್ಯಾಲಯದ ಪದವಿಯೂ ಇಲ್ಲದೆ, ಪೋರಬಂದರ್ ಸಂಸ್ಥಾನದ ಅರಣ್ಯದ ಕೆಲಸ ನೋಡಿಕೊಳ್ಳುತ್ತ ಬರಡಾ ಗುಡ್ಡಗಳ ಗಿಡ ಬಳ್ಳಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ, 1910ರಲ್ಲಿ 'ವನಸ್ಪತಿಶಾಸ್ತ್ರ' ಎಂಬ ಭಾರಿ ಗ್ರಂಥ ಪ್ರಕಟಿಸಿದರು, ಅದೂ ಗುಜರಾತಿಯಲ್ಲಿ. ಕುರುಬ ಏನೆನ್ನುತ್ತಾನೆ, ವೈದ್ಯ ಏನೆನ್ನುತ್ತಾನೆ ಎಂದು ಕೇಳಿ ತಿಳಿಯುವ ಆಸೆಯೇ ಅವರ ಬಂಡವಾಳ. ಜಿ. ಎಲ್. ಶಾ ಅವರು 1978ರಲ್ಲಿ ಇಡೀ ರಾಜ್ಯದ ಸಸ್ಯಗಳ ಗ್ರಂಥವನ್ನು ವಲ್ಲಭ ವಿದ್ಯಾನಗರದಿಂದ ಹೊರತಂದರು. ಈ ನೆಲದಲ್ಲಿ ಓದಲು ಪುಸ್ತಕವಿದೆ, ಕೇಳಲು ಜನರಿದ್ದಾರೆ. ನಿಮ್ಮ ಗುಜರಾತಿ ಪಾನಿಪುರಿಯ ಗಾಡಿಯ ಹತ್ತಿರವೇ ನಿಂತುಹೋಗದಿರಲಿ. ಗುಡ್ಡದ ಬುಡದ ಹಳ್ಳಿಯಲ್ಲಿ ಹಿರಿಯರೊಬ್ಬರ ಪಕ್ಕ ಕುಳಿತು, "ಬಾ, ಚೋಮಾಸಾದಲ್ಲಿ (ಮಳೆಗಾಲದಲ್ಲಿ) ಇಲ್ಲಿ ಏನೇನು ಬಳ್ಳಿ ಬರುತ್ತದೆ?" ಎಂದು ಅಜ್ಜಿಯನ್ನು ಕೇಳುವಷ್ಟು ಕಲಿಯಿರಿ. ಅವರ ನೆನಪಿನಲ್ಲಿರುವುದು ಯಾವ ಆ್ಯಪ್‌ನಲ್ಲೂ ಇಲ್ಲ.

ಕೇಳಿದ್ದನ್ನು ಎಲ್ಲಿ ಬರೆಸಬೇಕು? 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೆ, ನಗರಪಾಲಿಕೆಗೆ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನರ ಜೀವವೈವಿಧ್ಯ ದಾಖಲೆಪುಸ್ತಕ ಇಡಬೇಕು. ಎಷ್ಟೋ ಕಡೆ ಅದು ಕಪಾಟಿನ ಕಡತವಾಗಿ ಕುಳಿತಿದೆ. ನೀವು ಹೋಗಿ ಕೇಳಿ. ಹಳ್ಳಿಯವರನ್ನು ಮುಂದಿಟ್ಟುಕೊಂಡು, ಅವರ ಒಪ್ಪಿಗೆಯಿಂದ, ಅವರ ಹೆಸರಲ್ಲೇ ಬರೆಸಿ. ಮುಂದೆ ಅಲ್ಲಿ ರಸ್ತೆಯೋ ಕ್ವಾರಿಯೋ ಬರುವುದಾದರೆ 'ಇಲ್ಲೇನೂ ಇಲ್ಲ' ಎನ್ನುವವರ ಎದುರಿಗೆ ಇಡಲು ಒಂದು ಹಾಳೆಯಾದರೂ ಇರುತ್ತದೆ.

ಫೋಟೊ ತೆಗೆಯಿರಿ, ಧಾರಾಳವಾಗಿ ತೆಗೆಯಿರಿ. ಹೂವಿನದು, ಎಲೆಯದು, ಬಳ್ಳಿ ಹತ್ತಿರುವ ಪೊದೆಯದು. ಪೊದೆ ಯಾವುದೆಂದು ಮರೆಯದೆ ಬರೆದುಕೊಳ್ಳಿ, ಎಲ್ಲರೂ ಬಿಡುವುದು ಅದನ್ನೇ. ಆದರೆ ಇನ್‌ಸ್ಟಾಗ್ರಾಮಿನಲ್ಲಿ ಜಾಗ ಹಾಕಬೇಡಿ. ಐನ್ಯಾಚುರಲಿಸ್ಟ್‌ನಲ್ಲಿ ಹಾಕುವುದಾದರೆ ಸ್ಥಳವನ್ನು ಮಸುಕು ಮಾಡುವ ವ್ಯವಸ್ಥೆಯಿದೆ, ಅದನ್ನು ಒತ್ತಿ. ಹಿನ್ನೆಲೆಯಲ್ಲಿ ಗುಡಿಯ ಶಿಖರವೋ ರೋಪ್‌ವೇ ಕಂಬವೋ ಕಂಡರೆ ಆ ಚಿತ್ರ ನಿಮ್ಮಲ್ಲೇ ಇರಲಿ. ನಿಖರವಾದ ಜಾಗ ತಿಳಿಯಬೇಕಾದವರು ಅರಣ್ಯ ಇಲಾಖೆಯವರು, ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರು. ಅವರಿಗೆ ನೇರವಾಗಿ ತಿಳಿಸಿ. ಜಾಂಬುಘೋಡಾ, ರತನ್‌ಮಹಲ್, ಪೂರ್ಣಾದಂಥ ಅಭಯಾರಣ್ಯಗಳೊಳಗೆ ಒಂದು ಎಲೆ ಕೀಳುವುದೂ ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ, 'ಬರೀ ಹರ್ಬೇರಿಯಂಗೆ' ಎಂದರೂ ಅನುಮತಿ ಬೇಕು.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ ಹೋದರೆ ಹೂ ಕಾಣುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ಬೇಗ ಹೊರಡಿ, ನಾಲ್ಕೈದು ಜನಕ್ಕಿಂತ ಹೆಚ್ಚು ಬೇಡ. ಇರುವ ಕಾಲುದಾರಿ ಬಿಟ್ಟು ಇಳಿಯಬೇಡಿ, ದಾರಿಯಂಚಿನ ಪೊದೆಗಳಲ್ಲೇ ಹುಡುಕಿ, ಸಿಗದಿದ್ದರೆ ಸಿಗಲಿಲ್ಲ. ಮಳೆಯಲ್ಲಿ ಬಂಡೆ ಜಾರುತ್ತದೆ, ಹಾವು ಹುಲ್ಲಿನಲ್ಲಿರುತ್ತದೆ, ಚಪ್ಪಲಿ ಬೇಡ, ಬೂಟು ಹಾಕಿ. ಆ ಬೂಟಿನ ಅಡಿಯ ಮಣ್ಣನ್ನು ಹೊರಡುವ ಮುಂಚೆ ಮನೆಯಲ್ಲೇ ತೊಳೆಯಿರಿ, ಕಳೆಬೀಜಗಳು ಅದರಲ್ಲೇ ಸವಾರಿ ಮಾಡುತ್ತವೆ. ಕಾಯಿ ಕಟ್ಟಿದ ಬಳ್ಳಿ ಕಂಡರೆ ಕೋಡನ್ನು ಮುಟ್ಟಬೇಡಿ, ಒಂದು ಬೀಜವನ್ನೂ ಜೇಬಿಗೆ ಹಾಕಬೇಡಿ. ದಿನಾಂಕ ಬರೆದುಕೊಂಡು ನನಗೊಂದು ಸಂದೇಶ ಹಾಕಿ. ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಆದರೆ ನಿಮ್ಮ ಪಟ್ಟಿ ಇಟ್ಟುಕೊಳ್ಳಲು, ಯಾವ ಬಳ್ಳಿ ಎಂದು ಗುರುತಿಸಿ ಹೇಳಲು, ಮುಂದಿನ ವರ್ಷ ಅದೇ ಪೊದೆಯನ್ನು ನೋಡಿದಿರಾ ಎಂದು ಕೇಳಲು ನಾನಿದ್ದೇನೆ.